ಇಳಿಜಾರಿನಲ್ಲಿ ಎರಡನೇ ಗೇರು

ಜನವರಿ 5, ಭಾನುವಾರ

ಹನ್ನೆರಡು ಮನೆಯೂ ಒಪ್ಪಿದವು. ನಮ್ಮ ಲೈನಿಗೆ, ಈ ಒಂದೇ ಸಾಲಿನ ಕೂಲಿಮನೆಗಳಿಗೆ, ಒಂದು ಬೈಕ್ ಬರುತ್ತದೆ. ಯಾವ ಒಂದು ಮನೆಯದೂ ಅಲ್ಲ, ಇಡೀ ಲೈನಿನದು. ಒಂದೇ ಹೆಂಚಿನ ಮಾಡಿನ ಕೆಳಗೆ ಮೂವತ್ತು ವರ್ಷ ಬದುಕಿದ ಎಸ್ಟೇಟ್ ಕಾರ್ಮಿಕರು ಒಟ್ಟಾಗಿ ಕೊಳ್ಳುತ್ತಿರುವ ಮೊದಲ ವಸ್ತು.

ಕಳೆದ ಮಳೆಗಾಲದಲ್ಲಿ ಮುತ್ತಮ್ಮಜ್ಜಿಯ ಗಂಡ ಕೆಂಚಯ್ಯನಿಗೆ ಎದೆನೋವು ಬಂದಾಗ ಎಸ್ಟೇಟಿನ ಜೀಪು ಶೆಡ್ಡಿನಲ್ಲೇ ನಿಂತಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಂಜಯ್ಯನವರು ಚೀಟಿ ಬರೆಯದೆ ಡ್ರೈವರ್ ಜೀಪು ತೆಗೆಯುವಂತಿಲ್ಲ. ಓಡಿಹೋಗಿ ಕೇಳಿದ್ದು ನನ್ನ ಅಪ್ಪ. "ಧಣಿಗಳ ನೆಂಟರು ಹೊರಟಿದ್ದಾರೆ ಕೆಂಪಯ್ಯ, ಸ್ವಲ್ಪ ತಡಿ" ಎಂದರಂತೆ. ಚೀಟಿ ಸಿಕ್ಕಿ ಜೀಪು ಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಕೆಂಚಯ್ಯ ಹೋಗಿಬಿಟ್ಟಿದ್ದ.

ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಆರು ಕಿಲೋಮೀಟರ್ ಮಣ್ಣುದಾರಿ ಇಳಿದು ಡಾಂಬರು ರಸ್ತೆ ಮುಟ್ಟಿದರೆ ಫೋನೂ ಇದೆ, ಬಾಡಿಗೆ ಜೀಪೂ ಇದೆ. ಈಗ ನಾಲ್ಕನೇ ಮನೆಯ ಅರ್ಚನಾ ತುಂಬು ಬಸುರಿ. ತಿಂಗಳ ಕೊನೆಗೆ ಹೆರಿಗೆ ಎಂದು ನರ್ಸ್ ಬರೆದುಕೊಟ್ಟಿದ್ದಾರೆ. ಅಷ್ಟರೊಳಗೆ ಬೈಕ್ ಬಂದಿರಬೇಕು.

ಒಬ್ಬರ ಉಸಿರು ಇನ್ನೊಬ್ಬರ ಸಹಿಗೆ ಕಾಯಬಾರದು ಎಂದು ನಾನು ಸಭೆಯಲ್ಲಿ ಹೇಳಿದೆ. ಯಾವುದೋ ಕರಪತ್ರದಲ್ಲಿ ಓದಿದ್ದೋ ನನ್ನದೇ ಮಾತೋ ನೆನಪಿಲ್ಲ. ಅಮ್ಮ, "ಭಾಷಣ ಸಾಕು ಮಾರಾಯ್ತಿ, ಗಾಡಿ ಆರಿಸೋದು ಯಾರು ಅಂತ ಹೇಳು" ಎಂದಳು. ಎಲ್ಲರೂ ನನ್ನ ಕಡೆ ನೋಡಿದರು. ಲೈಸೆನ್ಸ್ ಇರುವುದು ನನಗೆ ಮತ್ತು ಅರ್ಚನಾಳ ಗಂಡ ರವಿಗೆ ಮಾತ್ರ. ರವಿ ನಕ್ಕ: "ಕರಪತ್ರ ರೇವತಿ ಇರೋವಾಗ ನಾನೆಂತಕ್ಕೆ?"

ಜನವರಿ 7, ಮಂಗಳವಾರ

ಕಳಸದಲ್ಲಿ ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಗೆ ಬರುವ ಪ್ರತಿ ಕರಪತ್ರದ ಒಂದು ಪ್ರತಿ ನನ್ನ ಪೆಟ್ಟಿಗೆ ಸೇರುತ್ತದೆ. ಕನಿಷ್ಠ ಕೂಲಿ, ಮಹಿಳಾ ಕಾನೂನು, ಡೆಂಗ್ಯೂ, ಮಣ್ಣು ಪರೀಕ್ಷೆ. ಹಳೆಯ ಬೈಕ್ ಕೊಳ್ಳುವವರಿಗೆ ಯಾರೂ ಕರಪತ್ರ ಮಾಡಿಲ್ಲ. ಬಡವರು ಹೆಚ್ಚಾಗಿ ಕೊಳ್ಳುವುದೇ ಹಳೆಯದನ್ನು, ಆದರೂ ಮಾಡಿಲ್ಲ.

ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಓದಿದೆ, ಗ್ಯಾರೇಜಿನ ಮೋಹಿತ್‌ನನ್ನೂ ಕೇಳಿದೆ. ಹೋದ ಕೂಡಲೇ ಇಂಜಿನ್ ಮೇಲೆ ಕೈ ಇಡಬೇಕು. ಬಿಸಿ ಇದ್ದರೆ ಮಾರುವವನು ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ ಎಂದರ್ಥ, ಯಾಕೆಂದು ಕೇಳಬೇಕು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಆರ್‌ಸಿ ಜೊತೆ ತಾಳೆ ನೋಡಬೇಕು. ಹೊಗೆ ನೀಲಿ ಬಂದರೆ ಆಯಿಲ್ ಸುಡುತ್ತಿದೆ. ಚೈನ್ ಚಕ್ರದ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಸವೆದಿದೆ. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ತುಕ್ಕು ನೋಡಬೇಕು. ಹೊಸದಾಗಿ ಪೇಂಟ್ ಹೊಡೆದ ಜಾಗವಿದ್ದರೆ ಅದರಡಿಯಲ್ಲಿ ವೆಲ್ಡಿಂಗ್ ಇರಬಹುದು. ಹದಿನೈದು ವರ್ಷ ತುಂಬಿದರೆ ಆರ್‌ಸಿ ನವೀಕರಿಸಬೇಕು. ಸಾಲದಲ್ಲಿ ಕೊಂಡಿದ್ದರೆ ಬ್ಯಾಂಕಿನ ಹೆಸರು ತೆಗೆಸಿರಬೇಕು.

ಇಪ್ಪತ್ಮೂರು ಅಂಶಗಳಾದವು. ಇನ್ನೂ ಏನೋ ಬಿಟ್ಟಿದ್ದೇನೆ ಅನ್ನಿಸುತ್ತಿದೆ.

ಹೊಸ ತೊಂದರೆ: ಆರ್‌ಸಿಯಲ್ಲಿ ಲೈನಿನ ಹೆಸರು ಬರೆಯುವುದಿಲ್ಲವಂತೆ. ನೋಂದಣಿ ಇಲ್ಲದ ಗುಂಪಿನ ಹೆಸರಿಗೆ ಗಾಡಿ ಆಗುವುದಿಲ್ಲ, ಯಾರಾದರೂ ಒಬ್ಬರ ಹೆಸರು ಕೊಡಿ ಎಂದ ಆರ್‌ಟಿಓ ಏಜೆಂಟ್. ಸಂಜೆ ಲೈನಿನಲ್ಲಿ ಕೇಳಿದೆ. ಅಮ್ಮ, "ಮುತ್ತಮ್ಮನ ಹೆಸರಲ್ಲಿ ಆಗ್ಲಿ" ಎಂದಳು. ಮುತ್ತಮ್ಮಜ್ಜಿ ಗಾಬರಿಯಾಗಿ, "ನಾನು ಸೈಕಲ್ ಮೇಲೂ ಕೂತವಳಲ್ಲ ಗಿಡ್ಡಮ್ಮ" ಎಂದಳು. ಆದರೂ ಅದೇ ನಿಶ್ಚಯವಾಯಿತು. ಕೀಲಿಯೂ ಅವಳ ಬಾಗಿಲ ಮೊಳೆಯಲ್ಲೇ ಇರುತ್ತದೆ.

ಜನವರಿ 9, ಗುರುವಾರ

ಕೆಲಸ ಮುಗಿಸಿ ಬರುವಾಗ ಕಾಫಿ ಕಣದ ಹತ್ತಿರ ರೈಟರ್ ಕರೆದರು. ಒಣಗಲು ಹರಡಿದ್ದ ಪಾರ್ಚ್‌ಮೆಂಟ್ ಕಾಫಿಬೀಜದಿಂದ ಕಣ್ಣು ತೆಗೆಯದೆಯೇ ಕೇಳಿದರು.

"ಗಾಡಿ ತಗಳ್ತೀರಂತೆ. ನಂದೊಂದು ಇದೆ ರೇವತಿ. ಬೇಕಾರೆ ನೋಡು."

"ಹೊರಗೆ ನೋಡ್ತಿದೀವಿ ರೈಟರ್ರೇ."

"ನೋಡು, ನೋಡು. ಎಲ್ಲಿ ನೋಡಿದ್ರೂ ಇಳಿಜಾರಲ್ಲಿ ಓಡಿಸಿ ನೋಡು. ಹತ್ತೋದು ಎಲ್ಲಾ ಗಾಡೀನೂ ಹತ್ತತ್ತೆ."

ಧೈರ್ಯ ಎಷ್ಟಿರಬೇಕು! ಕೆಂಚಯ್ಯನಿಗೆ ಚೀಟಿ ಬರೆಯದ ಕೈಯಿಂದ ನಾವು ಗಾಡಿ ಕೊಂಡರೆ ಮತ್ತೆ ಅವರ ಚೀಟಿಯಡಿಗೇ ಹೋದಂತೆ. ಲೈನಿನಲ್ಲಿ ಅದನ್ನೇ ಹೇಳಿದೆ. ಮೂರು ಮನೆಯವರು ರೈಟರ್ ಗಾಡಿ ಚೆನ್ನಾಗಿಟ್ಟಿದ್ದಾರೆ ಎಂದರು. ನಾನು ಒಪ್ಪಲಿಲ್ಲ. ನನ್ನ ಧ್ವನಿ ಏರಿತ್ತು ಅನ್ನಿಸುತ್ತದೆ, ಮಕ್ಕಳು ಆಟ ನಿಲ್ಲಿಸಿ ನೋಡಿದವು.

ಅವರು ಹೇಳಿದ್ದನ್ನು ಪಟ್ಟಿಗೆ ಸೇರಿಸಲಿಲ್ಲ.

ಜನವರಿ 12, ಭಾನುವಾರ

ಕೊಂಡೆವು!

ಶಿವಯ್ಯಣ್ಣನ ಬೈಕ್. 2011ರದು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಕಳಸ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈಗೆ ಮೊದಲ ಕರಪತ್ರ ಕೊಟ್ಟವರು ಅವರು. "ಓದಿ ಎಸೀಬೇಡ, ಓದಿ ಪ್ರಶ್ನೆ ಕೇಳು" ಎಂದಿದ್ದರು. ಕಾಳುಮೆಣಸು ಕೊಯ್ಯುವ ಕೆಲಸ ಅವರದು. ಮರ ಹತ್ತಿ ಹತ್ತಿ ಮಂಡಿ ಹೋಗಿದೆ, ಕಿಕ್ಕರ್ ಒದೆಯಲು ಆಗುವುದಿಲ್ಲ, ಅದಕ್ಕೇ ಮಾರುತ್ತಿದ್ದಾರೆ. ಕೇಳಿದ ಬೆಲೆ ನಮ್ಮಲ್ಲಿ ಸೇರಿದ್ದಕ್ಕಿಂತ ಕಡಿಮೆಯೇ ಇತ್ತು.

ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಪಟ್ಟಿ ಹೊರಗೆ ತೆಗೆಯಲು ನಾಚಿಕೆಯಾಯಿತು. ಅವರನ್ನು ಪರೀಕ್ಷಿಸುವುದು ಎಂದರೇನು? ಅವರೇ ನೋಡಿ ನಕ್ಕರು. "ತೆಗಿಯವ್ವ, ನೋಡು. ನಾನು ಅಂತ ಬಿಡಬೇಡ."

ಇಂಜಿನ್ ತಣ್ಣಗಿತ್ತು. ಎರಡನೇ ಒದೆತಕ್ಕೆ ಸ್ಟಾರ್ಟ್ ಆಯಿತು. ನೀಲಿ ಹೊಗೆ ಇಲ್ಲ. ಚಾಸಿ ನಂಬರ್ ಸರಿ ಇತ್ತು. ಮುಂದಿನ ಫೋರ್ಕಿನಲ್ಲಿ ಆಯಿಲ್ ಸೋರಿಕೆ ಇಲ್ಲ. ಚೈನ್ ಹೊಸದು. ಹಿಂದಿನ ಟೈರು ಬದಲಿಸಬೇಕು, ಅದನ್ನು ಅವರೇ ಮೊದಲು ಹೇಳಿದರು. ಆರ್‌ಸಿಗೆ ಇನ್ನೊಂದು ವರ್ಷ ಇದೆ.

ಓಡಿಸಿ ನೋಡಲು ಹೊರಟಾಗ ಅಕ್ಕಪಕ್ಕದವರೂ ಬಂದು ನಿಂತರು. ಎಲ್ಲರದೂ ಒಂದೇ ಪ್ರಶ್ನೆ: "ಡಬಲ್ಸಲ್ಲಿ ಹತ್ತತ್ತಾ?" ಅಪ್ಪನನ್ನು ಹಿಂದೆ ಕೂರಿಸಿಕೊಂಡು ಶಾಲೆಯ ಏರು ಹತ್ತಿಸಿದೆ. ಎರಡನೇ ಗೇರಿನಲ್ಲಿ ಎಲ್ಲೂ ಉಸಿರು ಕಟ್ಟಲಿಲ್ಲ. ಮೇಲೆ ಹೋಗಿ ತಿರುಗಿಸಿದಾಗ ಅಪ್ಪ, "ಇಂಜಿನ್ ಆಫ್ ಮಾಡು, ಅವರ ಪೆಟ್ರೋಲ್ ಎಂತಕ್ಕೆ ಸುಡೋದು" ಎಂದ. ನನಗೂ ಅದು ಸರಿ ಅನ್ನಿಸಿತು. ಇಂಜಿನ್ ಆಫ್ ಮಾಡಿ ಬ್ರೇಕಿನಲ್ಲೇ ಇಳಿದು ಬಂದೆವು. ಬ್ರೇಕೂ ಚೆನ್ನಾಗಿದೆ.

ಕಳಸದಿಂದ ಲೈನಿನವರೆಗೆ ಹೆಚ್ಚಾಗಿ ಏರೇ. ಒಮ್ಮೆಯೂ ನಿಲ್ಲದೆ ಬಂತು. ನೋಡಿರಿ, ನಮ್ಮ ಜನರ ಕೈಯಿಂದ ನಮ್ಮ ಜನರ ಕೈಗೆ!

ಜನವರಿ 13, ಸೋಮವಾರ

ಯಾರಿಗೂ ಹೇಳಿಲ್ಲ. ಇಲ್ಲಿ ಮಾತ್ರ ಬರೆಯುತ್ತೇನೆ.

ಮುತ್ತಮ್ಮಜ್ಜಿ ಹೆಬ್ಬೆಟ್ಟು ಒತ್ತಿದ ಅರ್ಜಿಯನ್ನು ಏಜೆಂಟನಿಗೆ ಕೊಡಲು ಬೆಳಿಗ್ಗೆ ಅಪ್ಪನ ಜೊತೆ ಬೈಕಿನಲ್ಲಿ ಹೊರಟೆ. ಹಲಸಿನ ತಿರುವಿನಲ್ಲಿ ದಾರಿ ಬಹಳ ಕಡಿದು. ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಟ್ಟೆ. ಇಂಜಿನ್ ಗಾಡಿಯ ಓಟವನ್ನು ಹಿಡಿದುಕೊಳ್ಳಬೇಕಿತ್ತು. ಟಕ್ ಎಂದು ಪಾದದಡಿಯಲ್ಲಿ ಏನೋ ಜಾರಿತು. ಇಂಜಿನ್ ಸದ್ದು ಇದ್ದಕ್ಕಿದ್ದಂತೆ ಕುಸಿಯಿತು, ಬೈಕ್ ಹಗ್ಗ ಬಿಚ್ಚಿದ ಕರುವಿನಂತೆ ಓಡಿತು. ಎರಡೂ ಬ್ರೇಕ್ ಹಿಡಿದೆ. ನಿಂತಾಗ ಮುಂದಿನ ಚಕ್ರ ಕಾಫಿ ಗಿಡದ ಬುಡದಲ್ಲಿತ್ತು. ಅದರಾಚೆ ನೆಲವೇ ಇಲ್ಲ.

ಅಪ್ಪ ಇಳಿದು, ಬಿದ್ದ ಟವೆಲ್ ಎತ್ತಿ ಕೊಡವಿದ.

"ಎಂತ ಆಯ್ತು?"

"ಗೇರು ಜಾರಿ ನ್ಯೂಟ್ರಲ್‌ಗೆ ಬಿತ್ತು."

"ನಾನು ನಡ್ಕೊಂಡು ಬರ್ತೀನಿ. ನೀನು ಮೆಲ್ಲ ಇಳಿ."

ಒಂದನೇ ಗೇರಿನಲ್ಲಿ ಇಳಿದೆ, ಅದು ಹಿಡಿಯಿತು. ಎರಡನೆಯದನ್ನು ನಾಲ್ಕು ಸಲ ಹಾಕಿ ನೋಡಿದೆ. ಮೂರು ಸಲ ಜಾರಿತು. ಸಂಜೆ ಹತ್ತಿ ಬರುವಾಗ ಒಮ್ಮೆಯೂ ಜಾರಲಿಲ್ಲ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಬೈಕಿಗೆ ಚೆಂಡುಹೂವಿನ ಹಾರ ಹಾಕಿದರು. ಮುತ್ತಮ್ಮಜ್ಜಿ ಹೆಡ್‌ಲೈಟಿಗೆ ಕುಂಕುಮ ಇಟ್ಟು, ಸೀಟನ್ನು ಕೈಯಿಂದ ಸವರಿದಳು. "ಅವ್ರು ಇದ್ದಿದ್ರೆ ನಗಾಡ್ತಿದ್ರು, ನಿನ್ನ ಹೆಸರಲ್ಲಿ ಗಾಡಿಯೇನೇ ಅಂತ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅರ್ಚನಾ ಜಗಲಿಯಲ್ಲಿ ಕಾಲು ಚಾಚಿ ಕೂತು, "ಈಗ ನಂಗೆ ಹೆದರಿಕೆ ಇಲ್ಲ ರೇವತಕ್ಕ" ಎಂದಳು.

ಆ ಹೊತ್ತಿನಲ್ಲಿ ಹೇಗೆ ಹೇಳುವುದು? ಏನಾದರೂ ಆದರೆ ಕೇಸು ಮುತ್ತಮ್ಮಜ್ಜಿಯ ಹೆಸರಿಗೆ ಬರುತ್ತದೆ. ಅದೂ ಈಗಲೇ ಹೊಳೆಯಬೇಕೇ.

ಜನವರಿ 15, ಬುಧವಾರ

ಹೇಳಲಿಲ್ಲ.

ಜನವರಿ 17, ಶುಕ್ರವಾರ

ಗಾಳಿ ಹಿಡಿಸಬೇಕೆಂದು ಸುಳ್ಳು ಹೇಳಿ ಬೈಕನ್ನು ಮೋಹಿತ್ ಹತ್ತಿರ ಒಯ್ದೆ. ಒಂದನೇ ಗೇರಿನಲ್ಲಿ ಎತ್ತಿನ ಗಾಡಿಯಂತೆ ಇಳಿದು ಹೋದದ್ದು. ಅವನು ಗ್ಯಾರೇಜಿನ ಹಿಂದಿನ ಇಳಿಜಾರಿನಲ್ಲಿ ಒಂದು ಸುತ್ತು ಹೋಗಿ ಬಂದ.

"ಗೇರಿನ ಕಚ್ಚು, ಒಂದಕ್ಕೊಂದು ಹಿಡ್ಕೊಳ್ಳೋ ಹಲ್ಲು, ಸವೆದಿದೆ. ಎಳೆಯೋವಾಗ ಒಂದು ಮಗ್ಗುಲು ಕಚ್ಚತ್ತೆ, ಇಳಿಯೋವಾಗ ಇನ್ನೊಂದು ಮಗ್ಗುಲು. ಆ ಮಗ್ಗುಲೇ ಹೋಗಿದೆ. ಇಂಜಿನ್ ಬಿಚ್ಚಬೇಕು."

"ಎಷ್ಟು ದಿನ?"

"ಸಾಮಾನು ಚಿಕ್ಕಮಗಳೂರಿಂದ ಬರಬೇಕಲ್ಲ. ಹತ್ತು ದಿನ ಹಿಡ್ಕಳಿ. ಯಾರು ಮಾರಿದ್ದು ಇದನ್ನ?"

ನಾನು ಹೆಸರು ಹೇಳಲಿಲ್ಲ. ಹತ್ತು ದಿನ ಬೈಕ್ ಇಲ್ಲದಿದ್ದರೆ ಅರ್ಚನಾಳ ಕತೆ? ಸದ್ಯಕ್ಕೆ ಒಂದು ಉಪಾಯ ಹೇಳಿಕೊಟ್ಟ. ಎರಡನೇ ಗೇರಿಗೆ ಒತ್ತಿದ ಮೇಲೆ ಲಿವರಿನಿಂದ ಎಡಗಾಲು ತೆಗೆಯಬಾರದು, ಇಳಿಜಾರು ಮುಗಿಯುವ ತನಕ ಒತ್ತಿಯೇ ಹಿಡಿದಿರಬೇಕು.

ಶಿವಯ್ಯಣ್ಣನಿಗೆ ಗೊತ್ತಿತ್ತೇ? ಅವರ ಮನೆಗೆ ಹೋಗಲು ಗ್ಯಾರೇಜಿನಿಂದ ಐದು ನಿಮಿಷ ಸಾಕು. ಹೋಗಲಿಲ್ಲ. ರೈಟರ್ ಮೋಸ ಮಾಡಿದ್ದರೆ ಇಷ್ಟು ಹೊತ್ತಿಗೆ ಕರಪತ್ರವನ್ನೇ ಅಚ್ಚು ಹಾಕಿಸುತ್ತಿದ್ದೆ.

ಜನವರಿ 19, ಭಾನುವಾರ

ರವಿ ಬೈಕಿನಲ್ಲಿ ಕಳಸಕ್ಕೆ ಹೋದ. ನಾನು ತಡೆಯಲು ಕಾರಣ ಹುಡುಕುವಷ್ಟರಲ್ಲಿ ಹೊರಟುಹೋಗಿದ್ದ. ಎರಡು ಗಂಟೆ ಒಲೆಯ ಮುಂದೆ ಕೂತಿದ್ದೆ. ಅನ್ನ ಸೀದುಹೋಯಿತು.

ನಗುನಗುತ್ತಾ ಬಂದ. ಇಳಿಯುವಾಗ ಏನಾದರೂ ಆಯಿತೇ ಎಂದು ಕೇಳಿದೆ.

"ಇಳಿಯೋವಾಗ ಇಂಜಿನ್ ಎಂತಕ್ಕೆ? ಆಫ್ ಮಾಡಿ ಬಿಟ್ರೆ ರೋಡಿನ ತನಕ ಒಂದು ತೊಟ್ಟು ಪೆಟ್ರೋಲ್ ಬೇಡ. ಶಿವಯ್ಯಣ್ಣನ ಗಾಡಿ ಇಷ್ಟು ವರ್ಷ ಬಾಳಿದ್ದೇ ಹಂಗೆ. ಯಾವತ್ತಾದ್ರೂ ಅವರ ಗಾಡಿ ಇಳಿಯೋವಾಗ ಸದ್ದು ಕೇಳಿದೀಯಾ?"

ಕೇಳಿಲ್ಲ. ಘಾಟಿಯಲ್ಲಿ ಅವರು ಬಂದದ್ದು ಗೊತ್ತಾಗುತ್ತಿದ್ದುದು ಬೆಲ್ಲಿನಿಂದ. ಹ್ಯಾಂಡಲಿಗೆ ಸೈಕಲ್ ಬೆಲ್ ಕಟ್ಟಿಕೊಂಡಿದ್ದರು.

ಗೊತ್ತಿದ್ದೇ ಆಫ್ ಮಾಡುತ್ತಿದ್ದರೋ, ಆಫ್ ಮಾಡುತ್ತಿದ್ದದ್ದರಿಂದ ಗೊತ್ತೇ ಆಗಲಿಲ್ಲವೋ? ಎರಡರಲ್ಲಿ ಒಂದು ಇರಬೇಕು.

ರವಿ ಒಳಗೆ ಹೋದ ಮೇಲೆ ಹಿಂದಿನ ಚಕ್ರದ ಬ್ರೇಕ್ ಡ್ರಮ್ ಮುಟ್ಟಿ ನೋಡಿದೆ. ಹತ್ತಿ ಬರುವಷ್ಟರಲ್ಲಿ ತಣಿದಿತ್ತು. ಸುಟ್ಟ ವಾಸನೆ ಮಾತ್ರ ಹೋಗಿರಲಿಲ್ಲ.

ಜನವರಿ 21, ಮಂಗಳವಾರ

ಅಪ್ಪ ಕಾಫಿ ಲೋಟ ಕೆಳಗಿಟ್ಟು ಕೇಳಿದ, "ಲೈನಲ್ಲಿ ಹೇಳಿದ್ಯಾ?"

ಇಲ್ಲ ಎಂದೆ.

"ಹೇಳು."

"ಹೆರಿಗೆ ಒಂದು ಆಗ್ಲಿ ಅಪ್ಪ. ಸ್ವಲ್ಪ ತಡಿ."

ಅಪ್ಪ ನನ್ನ ಮುಖವನ್ನೇ ನೋಡಿದ. ಆಮೇಲೆ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೊರಗೆ ಹೋದ. ಯಾಕೆಂದು ತಿಳಿಯಲಿಲ್ಲ. ಸಂಜೆಯೂ ಮುತ್ತಮ್ಮಜ್ಜಿಯ ಜಗಲಿಯಲ್ಲೇ ಕೂತಿದ್ದ.

ಜನವರಿ 24, ಶುಕ್ರವಾರ

ಬೆಳಿಗ್ಗೆ ಮುಕ್ಕಾಲು ಏಳು. ಎಲ್ಲರೂ ಕೊಯ್ಲಿನ ಚೀಲ ಕಟ್ಟಿಕೊಂಡು ಹೊರಡುತ್ತಿದ್ದರು. ಅರ್ಚನಾ ಬಾಗಿಲಲ್ಲಿ ನಿಂತು, "ಅಮ್ಮಾ, ನೀರು ಹೋಗ್ತಾ ಇದೆ" ಎಂದಳು.

ಎಸ್ಟೇಟ್ ಜೀಪು ಚಿಕ್ಕಮಗಳೂರಿಗೆ ಹೋಗಿತ್ತು. ಇದ್ದದ್ದು ನಮ್ಮ ಬೈಕ್ ಒಂದೇ. ರವಿ ಓಡಿಬಂದು ಮೊಳೆಯಿಂದ ಕೀಲಿ ತೆಗೆದ. ಗಡಿಬಿಡಿಯಲ್ಲಿ ಕೀಲಿ ಅವನ ಕೈತಪ್ಪಿ ಕೆಳಗೆ ಬಿತ್ತು. ನಾನು ಅದರ ಮೇಲೆ ಕಾಲಿಟ್ಟೆ.

"ರವಿ, ಬೇಡ. ಇಳಿಯೋವಾಗ ಎರಡನೇ ಗೇರು ಜಾರತ್ತೆ. ಆಫ್ ಮಾಡಿ ಇಳಿದ್ರೆ ಬ್ರೇಕ್ ಕಾದು ಹಿಡಿಯಲ್ಲ. ನೀನೀಗ ಮೆಲ್ಲ ಹೋಗೋ ಸ್ಥಿತೀಲಿಲ್ಲ."

"ಯಾರು ಹೇಳಿದ್ದು?"

"ಮೋಹಿತ್. ನಂಗೇ ಆಗಿತ್ತು, ಹಲಸಿನ ತಿರುವಲ್ಲಿ. ಹದಿಮೂರನೇ ತಾರೀಖು."

ಹನ್ನೆರಡು ಮನೆಯೂ ಕೇಳಿಸಿಕೊಂಡವು.

"ಹನ್ನೊಂದು ದಿನ!" ರವಿ ಕಿರುಚಿದ. "ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲೇ! ಮೊನ್ನೆ ನಾನು ಹೋಗಿದ್ದು ನೋಡ್ಕೊಂಡು ಸುಮ್ನಿದ್ಯಾ?"

ಮುತ್ತಮ್ಮಜ್ಜಿ ನನ್ನ ಕಾಲು ಸರಿಸಿ ಕೀಲಿ ಎತ್ತಿಕೊಂಡಳು. "ಬಯ್ಯೋದು ಸಂಜೆಗೆ ಇಟ್ಕಳಿ. ಈಗ ಗಾಡಿ ಇಳಿಸೋರು ಯಾರು?"

"ನಾನೇ" ಎಂದೆ. ಕೀಲಿಯನ್ನು ನನ್ನ ಕೈಗೆ ಕೊಟ್ಟಳು.

ಬಾಡಿಗೆ ಜೀಪು ಕಳಿಸಲು ಒಬ್ಬಳೇ ಹೊರಟೆ. ಎರಡನೇ ಗೇರಿಗೆ ಒತ್ತಿ, ಒತ್ತಿಯೇ ಹಿಡಿದೆ. ಲಿವರ್ ಪಾದದಡಿಯಲ್ಲಿ ಮೀನು ಒದ್ದಾಡಿದಂತೆ ಒದ್ದಾಡುತ್ತಿತ್ತು. ಬಿಡಬೇಡ, ಬಿಡಬೇಡ ಎಂದು ಜೋರಾಗಿ ಹೇಳಿಕೊಳ್ಳುತ್ತಿದ್ದೆ. ಹಲಸಿನ ತಿರುವಿನಲ್ಲಿ ಮೀನಖಂಡ ಹಿಡಿದುಕೊಂಡಿತು, ಆದರೂ ಕಾಲು ತೆಗೆಯಲಿಲ್ಲ. ಡಾಂಬರು ರಸ್ತೆಯಲ್ಲಿ ಇಳಿದಾಗ ಎಡಗಾಲು ನೆಲಕ್ಕೆ ಊರಲಾಗದೆ ಬೈಕ್ ಸಮೇತ ಬಿದ್ದೆ. ಜೀಪ್ ಸ್ಟ್ಯಾಂಡಿನವರು ಎತ್ತಿದರು. ನನಗೇನೂ ಆಗಿಲ್ಲ, ಜೀಪು ತಗೊಂಡು ಮೇಲೆ ಲೈನಿಗೆ ಹೋಗಿ, ಹೆರಿಗೆ ಎಂದೆ.

ಹನ್ನೊಂದೂ ಹತ್ತಕ್ಕೆ ಕಳಸದ ಆಸ್ಪತ್ರೆಯಲ್ಲಿ ಹೆಣ್ಣುಮಗು.

ಸಂಜೆ ಬೈಗುಳವೂ ನಡೆಯಿತು. ಮನೆಗೊಬ್ಬರಂತೆ ಬೈದರು. ಕೆಲವರು ಎರಡು ಸಲ. ತಲೆ ತಗ್ಗಿಸಿ ಕೂತಿದ್ದೆ. ಎಲ್ಲ ಮುಗಿದ ಮೇಲೆ ಅಮ್ಮ ತಟ್ಟೆ ತಂದಿಟ್ಟಳು. "ಉಣ್ಣು. ರವಿ ನಾಳೆ ಬರ್ತಾನೆ, ಅವನದ್ದು ಬಾಕಿ ಇದೆ."

ಜನವರಿ 26, ಭಾನುವಾರ

ರವಿ ಬಯ್ಯಲಿಲ್ಲ. ಆಸ್ಪತ್ರೆಯಿಂದಲೇ ಶಿವಯ್ಯಣ್ಣನ ಮನೆಗೆ ಹೋಗಿ ಎಲ್ಲ ಹೇಳಿ ಬಂದಿದ್ದ. ಇವತ್ತು ಅವರು ಬಾಡಿಗೆ ಜೀಪಿನಲ್ಲಿ ಬಂದರು. ಜಗಲಿ ಹತ್ತಲು ಅಪ್ಪ ಕೈಕೊಡಬೇಕಾಯಿತು.

"ನಾನು ಮೋಸ ಮಾಡ್ದೆ ಅಂದ್ಕಂಡ್ಯಾ ರೇವತಿ?"

"ಅಂದ್ಕಂಡೆ ಅಣ್ಣ."

"ಬಂದು ಕೇಳಬಹುದಿತ್ತಲ್ಲ."

"ಹೌದು ಅಂದುಬಿಟ್ರೆ ಎಂತ ಮಾಡೋದು ಅಂತ."

ಅವರು ತಮ್ಮ ಮಂಡಿ ನೀವಿಕೊಂಡರು. ನಾನು ಬೈಕ್ ತೆಗೆದೆ. ಹಿಂದೆ ಕೂರಿ ಎಂದೆ. ಲೈನಿನ ಕೆಳಗಿನ ಸಣ್ಣ ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ, ಬ್ರೇಕ್ ಹಿಡಿದುಕೊಂಡೇ ಲಿವರಿನಿಂದ ಕಾಲು ತೆಗೆದೆ. ಟಕ್. ಅವರ ಕೈ ನನ್ನ ಭುಜವನ್ನು ಹಿಡಿದುಕೊಂಡಿತು.

"ಇದು ಎಂತ ಸದ್ದು?"

"ನಿಮ್ಮ ಗಾಡೀದು."

"ಇನ್ನೊಂದ್ಸಲ ಮಾಡು."

ಮೂರು ಸಲ ಮಾಡಿಸಿದರು. ಹದ್ನಾಕು ವರ್ಷದಲ್ಲಿ ನಾನು ಒಂದು ದಿನವೂ ಗೇರಲ್ಲಿ ಇಳಿದವನಲ್ಲ ಕಣವ್ವ ಎಂದರು. ಅವರ ಕಣ್ಣು ನೋಡಿದೆ. ನನ್ನದೂ ನೋಡಲಿ ಎಂದು ಮುಖ ತಿರುಗಿಸಲಿಲ್ಲ.

ರಿಪೇರಿ ಖರ್ಚು ಪೂರ್ತಿ ತಮ್ಮದು ಎಂದು ಹಟ ಹಿಡಿದರು. ನಾನು ನನ್ನದು ಎಂದೆ. ಮುತ್ತಮ್ಮಜ್ಜಿ ಒಳಗಿಂದಲೇ ಕೂಗಿದಳು: "ಗಾಡಿ ನನ್ನ ಹೆಸರಲ್ಲಿರೋದು. ನಾನು ಹೇಳ್ದಂಗೆ. ಅರ್ಧ ಶಿವಯ್ಯ, ಅರ್ಧ ಲೈನು."

ಫೆಬ್ರವರಿ 4, ಮಂಗಳವಾರ

ಬೈಕ್ ಮೋಹಿತ್‌ನ ಗ್ಯಾರೇಜಿನಲ್ಲಿದೆ. ಇಂಜಿನ್ ಬಿಚ್ಚಿ ಗೋಣಿಯ ಮೇಲೆ ಹರಡಿದ್ದಾನೆ. ಸವೆದ ಕಚ್ಚನ್ನು ನನ್ನ ಅಂಗೈಯಲ್ಲಿಟ್ಟು ತೋರಿಸಿದ. ಒಂದು ಮಗ್ಗುಲು ಚೂಪಾಗಿದೆ, ಇನ್ನೊಂದು ಮಗ್ಗುಲು ಚೀಪಿದ ಪೆಪ್ಪರ್‌ಮಿಂಟಿನ ಹಾಗೆ ನುಣ್ಣಗಾಗಿದೆ. ಇಂಜಿನ್ ಆಫ್ ಮಾಡಿ ಇಳಿದು, ಕೆಳಗೆ ಓಡುವ ಗಾಡಿಯನ್ನೇ ಎರಡನೇ ಗೇರಿಗೆ ಒತ್ತಿ ಸ್ಟಾರ್ಟ್ ಮಾಡಿ ಮಾಡಿ ಹೀಗಾಗಿರಬೇಕು ಎಂದ.

ಅಲ್ಲಿಯವರೆಗೆ ಲೈನಿಗೆ ಗಾಡಿ? ನಿನ್ನೆ ಮುತ್ತಮ್ಮಜ್ಜಿ ಒಬ್ಬಳೇ ರೈಟರ ಆಫೀಸಿಗೆ ಹೋಗಿ, "ನಿಮ್ಮ ಗಾಡಿ ಹತ್ತು ದಿನ ನಮ್ಮ ಲೈನಲ್ಲಿ ಇರ್ಲಿ" ಎಂದಳಂತೆ. ಅವರು ಪೆನ್ನು ಕೆಳಗಿಟ್ಟು ಕೀಲಿ ಕೊಟ್ಟರಂತೆ. "ಚೀಟಿ ಬೇಡ್ವಾ?" ಎಂದು ಕೇಳಿದಳಂತೆ. ಅವರು ಚೀಟಿ ಪುಸ್ತಕ ಮುಚ್ಚಿಟ್ಟರಂತೆ.

ಇವತ್ತು ಮಗುವಿನ ಚುಚ್ಚುಮದ್ದಿನ ಕಾರ್ಡ್ ತರಲು ಅದರಲ್ಲೇ ಹೋದೆ. ಹೊರಡುವ ಮುಂಚೆ ಮಂಜಯ್ಯನವರು ಕಣದಲ್ಲಿ ಸಿಕ್ಕಿದರು. "ಮೊದ್ಲು ಇಳಿಜಾರಲ್ಲಿ ನೋಡ್ತೀನಿ ರೈಟರ್ರೇ" ಎಂದೆ.

"ನೋಡು. ನಂದು ಅಂತ ಬಿಡಬೇಡ" ಎಂದರು.

ಹಲಸಿನ ತಿರುವಿನಲ್ಲಿ ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಟ್ಟೆ. ಇಂಜಿನ್ ಗುಂಯ್ ಎಂದು ಹಿಡಿದುಕೊಂಡಿತು. ಬೈಕ್ ಒಂದೇ ಸಮನೆ ಇಳಿಯಿತು, ಟಕ್ ಎನ್ನಲಿಲ್ಲ. ಡಾಂಬರು ರಸ್ತೆ ಮುಟ್ಟಿ ನಿಲ್ಲಿಸಿದಾಗ ಎಡಗಾಲು ಜೋಮು ಹಿಡಿದಿತ್ತು. ಆರು ಕಿಲೋಮೀಟರೂ ನನಗೇ ತಿಳಿಯದೆ ಗೇರ್ ಲಿವರನ್ನು ಒತ್ತಿಯೇ ಹಿಡಿದಿದ್ದೆ.